ಅರ್ಧ ಹೊಡೆದ ಮೊಳೆ

ಚರ್ಚಿನ ದೊಡ್ಡ ಬಾಗಿಲಿನ ಎಡಗದವನ್ನು ಒಮ್ಮೆ ಕೈಯಿಂದ ಸವರಿಯೇ ಇಸ್ತ್ರಿಯಮ್ಮ ದಿನಾ ಬೆಳಿಗ್ಗೆ ಒಳಗೆ ಹೋಗುತ್ತಿದ್ದಳು. ನೋಡಿದವರು ಧೂಳು ಒರೆಸುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ. ಆ ದಿನ ಸವರಿದಾಗ ಕೈಗೆ ಏನೂ ತಗಲಲಿಲ್ಲ. ಮತ್ತೊಮ್ಮೆ ಸವರಿದಳು. ಕದ ಬೋಳಿಸಿದ ತಲೆಯ ಹಾಗೆ ನುಣ್ಣಗಿತ್ತು.

ಆ ಕದದ ಹೊರಮೈಯಲ್ಲಿ ಹಿತ್ತಾಳೆಯ ಮೊಳೆಗಳಿದ್ದವು. ಕೆಲವು ಪೂರ್ತಿ ಒಳಗಿಳಿದು ತಲೆ ಮಾತ್ರ ಕಾಣುವಂಥವು, ಕೆಲವು ಅರ್ಧಕ್ಕೇ ನಿಂತು ಬೆರಳಿಗೆ ಸಿಗುವಂಥವು. ಅವಳದು ಅರ್ಧದ ಮೊಳೆ, ಬೀಗದ ತೂತಿನಿಂದ ಒಂದಿಷ್ಟು ಮೇಲೆ, ಅವಳ ಭುಜದ ಎತ್ತರಕ್ಕೆ. ಈಗ ಒಳಗಿನದು ಹೊರಗಿನದು ಎಲ್ಲಾ ಒಂದೇ ಸಮ.

"ಏನಾಯ್ತು ಅತ್ತಿಗೆ, ಬಾಗಿಲಿಗೇ ಅಂಟಿಕೊಂಡ್ರಿ?" ಎಂದಳು ಹಿಂದೆ ಬಂದ ನಾದಿನಿ. ಅವಳ ಒಂದು ಕಣ್ಣಿಗೆ ಹಿಂದಿನ ದಿನವಷ್ಟೇ ವೈದ್ಯರು ಪಟ್ಟಿ ಹಾಕಿದ್ದರು. ಅದಕ್ಕಾಗಿಯೇ ಇಬ್ಬರೂ ಒಂದು ದಿನ ಕೆಲಸಕ್ಕೆ ಬಂದಿರಲಿಲ್ಲ.

"ಮೊಳೆ ಹೊಡೆದುಬಿಟ್ಟಿದಾರೆ ಕಣೇ."

"ಯಾರದ್ದು?"

"ಎಲ್ಲರದ್ದೂ."

ನಾದಿನಿ ಮುಂದೆ ಬಂದು ತಾನೂ ಸವರಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಈ ಮೊಳೆಗಳ ವಿಷಯ ತಿಳಿಯಬೇಕಾದರೆ ಚರ್ಚಿನ ವಿಷಯ ಒಂದಿಷ್ಟು ತಿಳಿದಿರಬೇಕು. ಅದನ್ನು ಕಟ್ಟಿದವರು ಹಗ್ಗದ ಕಾರ್ಖಾನೆಯ ಕೂಲಿಗಳು. ಪಾಳಿ ಮುಗಿಸಿ, ಮುಖ ತೊಳೆಯುವ ಮೊದಲೇ ಇಟ್ಟಿಗೆ ಹೊತ್ತರು. ಮೊದಲನೆಯ ಫಾದರ್ ಗಿಡ್ಡನೆಯ ಮನುಷ್ಯ, ದನಿ ಮಾತ್ರ ಕಾರ್ಖಾನೆಯ ಸೈರನ್ನಿನಷ್ಟು. ಮಾಡು ಮುಗಿಯುವ ಮೊದಲೇ ಸೋರಿತು, ಗೋಡೆ ಒಣಗುವ ಮೊದಲೇ ಮದುವೆ ಬಂತು. ಮದುವೆಯ ಗಂಡು ಯಾರು ಅಂದರೆ ಚರ್ಚಿಗೆ ಬಾಗಿಲು ಮಾಡುತ್ತಿದ್ದ ಬಡಗಿಯೇ. ಮದುವೆಯ ಬೆಳಿಗ್ಗೆಯೂ ಅವನು ಎಡಗದಕ್ಕೆ ಅಂದದ ಮೊಳೆ ಹೊಡೆಯುತ್ತ ಕೂತಿದ್ದ. ಕೊನೆಯ ಮೊಳೆ ಅರ್ಧ ಹೋಗಿತ್ತು. ಹೆಣ್ಣು ಬಂದು ನಿಂತಾಗಿದೆ, ಜನ ಬೆಂಚು ತುಂಬಿದ್ದಾರೆ, ಇವನು ಟಕ್ ಟಕ್ ಅನ್ನುತ್ತಿದ್ದಾನೆ. ಫಾದರ್ ಪೀಠದ ಹತ್ತಿರದಿಂದಲೇ ಕೂಗಿದರಂತೆ: "ಏನಯ್ಯಾ, ನಿನ್ನ ಮದುವೆ ಹುಡುಗಿ ಜೊತೆಗೋ ಬಾಗಿಲ ಜೊತೆಗೋ?"

ಅವನು ಸುತ್ತಿಗೆ ಕೆಳಗಿಟ್ಟು ಹೋಗಿ ಮದುವೆಯಾದ. ಹೊರಗೆ ಬಂದವನು ಮತ್ತೆ ಸುತ್ತಿಗೆಗೆ ಕೈ ಹಾಕಿದ. ಹೆಂಡತಿ ತಡೆದಳು. "ಇರಲಿ ಬಿಡಿ. ಎಲ್ಲಾ ಕೆಲಸ ಇವತ್ತೇ ಮುಗಿಸಿದ್ರೆ ನಾಳೆ ನಾವು ಮಾಡೋದೇನು?" ಜನ ನಕ್ಕರು. ಮೊಳೆ ಹಾಗೇ ಉಳಿಯಿತು. ಅವಳು ಮಕ್ಕಳನ್ನು ಹೆತ್ತು, ಬೆಳೆಸಿ, ಮುಪ್ಪಾಗಿ ಹೋದ ದಿನ, ಮಣ್ಣು ಮಾಡಿ ಬಂದ ಬಡಗಿ ಮನೆಗೆ ಹೋಗಲಿಲ್ಲ. ಸುತ್ತಿಗೆ ತಂದು ಉಳಿದರ್ಧ ಮೊಳೆಯನ್ನು ಹೊಡೆದ. "ಮುಗೀತು" ಅಂದ. ಅಷ್ಟೇ.

ಅಲ್ಲಿಂದ ಅದು ಆ ಚರ್ಚಿನ ಪದ್ಧತಿಯಾಗಿ ನಿಂತಿತು. ಮದುವೆಯ ದಿನ ಗಂಡುಹೆಣ್ಣು ಒಂದೇ ಸುತ್ತಿಗೆ ಹಿಡಿದು ಒಂದು ಮೊಳೆಯನ್ನು ಅರ್ಧ ಹೊಡೆಯುವುದು. ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ಬಂದು ಉಳಿದದ್ದನ್ನು ಹೊಡೆಯುವುದು. ಒಬ್ಬ ಫಾದರ್ ಇದು ಮೂಢನಂಬಿಕೆ ಅಂತ ಒಂದು ಭಾನುವಾರವಿಡೀ ಬೈದರು. ಮುಂದಿನ ಮದುವೆಯಲ್ಲಿ ಸುತ್ತಿಗೆ ಸಿಗದೆ ಹುಡುಕಾಟವಾದಾಗ ತಮ್ಮ ಕೋಣೆಯಿಂದ ತಂದುಕೊಟ್ಟವರೂ ಅವರೇ. ಹಾಗೆ ನೋಡಿದರೆ ಆ ಚರ್ಚಿಗೆ ಭಾನುವಾರದ ಭಾಗ್ಯ ಅಷ್ಟಕ್ಕಷ್ಟೆ. ಮದುವೆಯೆಂದರೆ ಮಾತ್ರ ಮೆಟ್ಟಿಲವರೆಗೂ ಜನ. "ನನ್ನ ದೇವರ ಮಾತಿಗಿಂತ ನಿಮಗೆ ನೆಂಟರ ಮಾತೇ ರುಚಿ" ಅಂತ ಕೊನೆಯ ಫಾದರ್ ಹೇಳುತ್ತಿದ್ದರು.

ಕಾರ್ಖಾನೆ ಮುಚ್ಚಿತು. ಕೂಲಿಗಳು ಹೊಟ್ಟೆ ಕರೆದ ಕಡೆ ಹೋದರು. ಬಿಷಪ್ಪರು ಉಳಿದ ಕೆಲವು ಮನೆಗಳನ್ನು ಕಾಲುವೆಯಾಚೆಯ ದೊಡ್ಡ ಚರ್ಚಿಗೆ ಸೇರಿಸಿದರು. ಕೊನೆಯ ಫಾದರ್ ಪೂಜೆಯ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಒಂದಷ್ಟು ಕಾಲ ಪಾರಿವಾಳಗಳೇ ಸಭೆ ನಡೆಸಿದವು. ಆಮೇಲೆ ಮದುವೆ ಮಾಡಿಸುವ ಕಂಪನಿಯೊಂದು ಬಂದು ಕಟ್ಟಡವನ್ನು ಬಾಡಿಗೆಗೆ ಹಿಡಿಯಿತು. ಎತ್ತರದ ಕಿಟಕಿ, ಬೆಳಕು ಚೆನ್ನ, ಫೋಟೋ ಚೆನ್ನಾಗಿ ಬರುತ್ತದೆ. ಬೆಂಚು ಹೋಗಿ ಕುರ್ಚಿ ಬಂತು. ಪಾಪ ಒಪ್ಪಿಕೊಳ್ಳುವ ಪೆಟ್ಟಿಗೆಯಲ್ಲಿ ಈಗ ಸ್ಪೀಕರುಗಳನ್ನು ಇಡುತ್ತಾರೆ. "ಆಗ ಒಳಗೆ ಪಿಸುಗುಟ್ಟಿದ್ದು ಹೊರಗೆ ಕೇಳಬಾರದು ಅಂತಿತ್ತು. ಈಗ ಮೂರು ಬೀದಿಗೆ ಕೇಳುತ್ತೆ" ಅನ್ನುವುದು ನಾದಿನಿಯ ಮಾತು.

ಹಳಬರು ಮೂಗು ಮುರಿದರು. ಇಸ್ತ್ರಿಯಮ್ಮ ಮುರಿಯಲಿಲ್ಲ. ತನ್ನ ಮದುವೆಗೂ ಮೊದಲಿನಿಂದ ಅವಳು ಪೀಠದ ಹಿಂದಿನ ಚಿಕ್ಕ ಕೋಣೆಯಲ್ಲಿ ಫಾದರ್ ನಿಲುವಂಗಿಗಳನ್ನು, ಪೀಠದ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದವಳು. ಈಗ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ಕುರ್ಚಿಯ ಗವಸು, ಊಟದ ಮೇಜಿನ ಹಾಸು, ಕೈ ಒರೆಸುವ ಬಟ್ಟೆ. ಇದ್ದಿಲಿನ ಪೆಟ್ಟಿಗೆ ಹೋಗಿ ಕರೆಂಟಿನದು ಬಂದಿತ್ತು. ನಾದಿನಿ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಾಳೆ; ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ.

ಇಸ್ತ್ರಿಯಮ್ಮನ ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನ ಸಹಾಯಕನಾಗಿದ್ದ. ಮದುವೆಯ ಬಟ್ಟೆಯ ಮಡಿಕೆ ಬಿಚ್ಚುವ ಮೊದಲೇ ಹೊರಟ. ಯಾವುದೋ ಬಂದರಿನಲ್ಲಿ ತನ್ನ ಚೀಲ ಹೆಗಲಿಗೇರಿಸಿ ಹಡಗಿನಿಂದ ದಡಕ್ಕೆ ಹಾಕಿದ ಹಲಗೆ ಇಳಿದು ಹೋದನಂತೆ. ಹಡಗು ಹೊರಡುವಾಗ ಬರಲಿಲ್ಲ. ಜಗಳ ಇರಲಿಲ್ಲ, ಕಾಯಿಲೆ ಇರಲಿಲ್ಲ. "ಸಂತೆಗೆ ಹೋಗೋನ ಹಾಗೆ ಹೋದ" ಎಂದು ಜೊತೆಗಾರ ಬಂದು ಹೇಳಿದ. ಸತ್ತ ಅನ್ನಲು ಹೆಣವಿಲ್ಲ, ಇದ್ದಾನೆ ಅನ್ನಲು ಸುದ್ದಿಯಿಲ್ಲ. ಹಾಗಾಗಿ ಮೊಳೆ ಅರ್ಧಕ್ಕೇ ನಿಂತಿತು.

ನಾದಿನಿ ಅವನ ಒಡಹುಟ್ಟಿದ ತಂಗಿ. ಅವಳಿಗೆ ಮದುವೆ ಕೂಡಿಬರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಉಳಿದರು. ಒಂದು ಕಾಲಕ್ಕೆ ದರ್ಜಿಯೊಬ್ಬ ಇಸ್ತ್ರಿಯಮ್ಮನನ್ನು ಮದುವೆಗೆ ಕೇಳಿದ್ದ. ನಿಲುವಂಗಿ ಹೊಲಿದು ತರುತ್ತಿದ್ದ ಮನುಷ್ಯ, ಸಾಧು. ಅವಳು ಬಾಗಿಲಿನ ಮೊಳೆಯ ಕಡೆ ಕೈ ತೋರಿಸಿದಳು. "ನೀನು ಕಾಯ್ತಿರೋದು ಮನುಷ್ಯನಿಗೋ ಮೊಳೆಗೋ?" ಎಂದು ಅವನು ಕೇಳಿದ. ಆಮೇಲೆ ಅವನು ಇನ್ನೊಂದು ಸಲ ಕೇಳಲಿಲ್ಲ. ಮುಂದೆ ಬೇರೊಬ್ಬಳನ್ನು ಅದೇ ಚರ್ಚಿನಲ್ಲಿ ಮದುವೆಯಾದ. ಅವನ ಮೊಳೆಯೂ ಆ ಕದದಲ್ಲೇ ಇತ್ತು, ಅವನ ಹೆಂಡತಿ ಅದನ್ನು ಹೊಡೆದು ಮುಗಿಸಿಯೂ ಬಹಳ ವರ್ಷವಾಗಿತ್ತು. ಇವಳದು ಮಾತ್ರ ನಿಂತೇ ಇತ್ತು.

ಅದನ್ನೇ ಈಗ ಯಾರೋ ಹೇಳದೆ ಕೇಳದೆ ಹೊಡೆದಿದ್ದರು.

ಇಸ್ತ್ರಿಯಮ್ಮ ನೇರ ಕಂಪನಿಯ ಮ್ಯಾನೇಜರಮ್ಮನ ಮೇಜಿನ ಮುಂದೆ ಹೋಗಿ ನಿಂತಳು. ಮ್ಯಾನೇಜರಮ್ಮ ಚುರುಕಿನ ಹೆಂಗಸು, ಕೆಟ್ಟವಳಲ್ಲ. ಎರಡು ಫೋನುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಬದುಕುತ್ತಿದ್ದವಳು.

"ಎಡಗದದ ಮೊಳೆ ಹೊಡೆದವರು ಯಾರು ಮೇಡಂ?"

"ನಮ್ಮ ಬಡಗಿ. ನಾನೇ ಹೇಳ್ದೆ. ಮೊನ್ನೆ ಮದುಮಗಳ ಮುಸುಕು ಆ ಮೊಳೆಗೆ ಸಿಕ್ಕಿ ಇಷ್ಟುದ್ದ ಹರೀತು ಇಸ್ತ್ರಿಯಮ್ಮ. ಅವಳ ತಾಯಿ ನನ್ನನ್ನೇ ಹರಿಯೋಕೆ ಬಂದ್ರು. ಯಾಕೆ, ಏನಾಯ್ತು?"

"ಅದರಲ್ಲಿ ನನ್ನ ಗಂಡ ಇದ್ದ."

ಮ್ಯಾನೇಜರಮ್ಮ ಫೋನು ಕೆಳಗಿಟ್ಟಳು. ಈ ಕೆಲಸಕ್ಕೆ ಬಂದ ಮೇಲೆ ಆಕೆ ಬಹಳ ಬಗೆಯ ದೂರು ಕೇಳಿದ್ದಳು, ಇಂಥದ್ದನ್ನು ಕೇಳಿರಲಿಲ್ಲ. ಕೂರಿಸಿ ಕೇಳಿದಳು. ಇಸ್ತ್ರಿಯಮ್ಮ ಸುತ್ತಿ ಬಳಸದೆ ಎಲ್ಲಾ ಹೇಳಿದಳು.

"ಇದನ್ನ ಒಬ್ಬರಾದ್ರೂ ನನಗೆ ಮೊದಲೇ ಹೇಳಬಾರದಿತ್ತಾ?"

ಅದೂ ನಿಜವೇ. ಕಂಪನಿಯವರಿಗೆ ಗೊತ್ತಾಗುವುದು ಬೇಡ ಅಂತ ಹಳಬರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಗೊತ್ತಾದರೆ ಅದನ್ನೂ ಬಾಡಿಗೆಗೆ ಬಿಟ್ಟಾರು ಅನ್ನುವ ಹೆದರಿಕೆ. ಗುಟ್ಟು ಮಾಡಿ ಕಾಪಾಡುತ್ತೇವೆ ಅಂದುಕೊಂಡಿದ್ದರು. ಗುಟ್ಟೇ ಮೊಳೆಯ ತಲೆಗೆ ಬಡಿಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಾಲುವೆ ದಾಟಿತ್ತು. ಮೊದಲು ಬಂದವರು ಬೇಕರಿಯ ಅಜ್ಜ ಮತ್ತು ಅವನ ಹೆಂಡತಿ. ಅಜ್ಜ ಊರುಗೋಲನ್ನು ಕದಕ್ಕೆ ಒರಗಿಸಿ ತನ್ನ ಮೊಳೆಯ ಜಾಗ ಹುಡುಕಿದ.

"ಇಲ್ನೋಡು. ನಾನಿನ್ನೂ ಉಸಿರಾಡ್ತಾ ನಿಂತಿದೀನಿ, ನನ್ನನ್ನ ಒಳಗೆ ಹೊಡೆದುಬಿಟ್ಟಿದಾರೆ."

"ನಿಮ್ಮನ್ನೇ ಅಂತ ಯಾಕೆ ಅಂದ್ಕೋತೀರಿ? ಹೋದವಳು ನಾನೂ ಆಗಿರಬಹುದು" ಎಂದಳು ಹೆಂಡತಿ.

"ನೀನು ಹೋಗಿದ್ರೆ ಮನೇಲಿ ಇಷ್ಟು ಗಲಾಟೆ ಇರ್ತಿತ್ತಾ?"

ಆಮೇಲೆ ಇನ್ನೂ ಕೆಲವರು ಬಂದರು. ಒಬ್ಬಾಕೆ, ಗಂಡನಿಗೆ ಹೇಳಬೇಡಿ, ಅವರಿಗೆ ಎದೆ ನೋವಿದೆ ಅಂದಳು. ಒಟ್ಟಿನಲ್ಲಿ ಬಾಗಿಲಲ್ಲಿ ಮದುವೆಯೂ ಅಲ್ಲದ ಮಣ್ಣೂ ಅಲ್ಲದ ಒಂದು ಗುಂಪು. ಎಲ್ಲರ ನಡುವೆ ಬಡಗಿ ತಪ್ಪು ಮಾಡಿದ ಮಗುವಿನಂತೆ ನಿಂತಿದ್ದ. ಹೊಸಬ, ಬೇರೆ ಕಡೆಯವನು. ಅವನ ಲೆಕ್ಕದಲ್ಲಿ ಹೊರಗೆ ನಿಂತ ಮೊಳೆ ಅಂದರೆ ಯಾರೋ ಸೋಮಾರಿ ಬಿಟ್ಟುಹೋದ ಕೆಲಸ.

"ನೀನು ಹೊಡೆದದ್ದು ಯಾವುದು, ಮೊದಲೇ ಒಳಗಿದ್ದದ್ದು ಯಾವುದು, ಹೇಗಪ್ಪಾ ತಿಳಿಯೋದು?" ಎಂದು ಮ್ಯಾನೇಜರಮ್ಮ ಕೇಳಿದಳು.

ಬಡಗಿ ಬಗ್ಗಿ ನೋಡಿದ. "ತಿಳಿಯುತ್ತೆ ಮೇಡಂ. ಹಳೇವು ಹಸಿರು ಹಿಡಿದಿವೆ. ನಾನು ಹೊಡೆದವುಗಳ ತಲೆ ಇನ್ನೂ ಮಿಂಚ್ತಾ ಇದೆ. ಇಕ್ಕಳ ಹಾಕಿ ಮೆಲ್ಲಗೆ ಎಳೀತೀನಿ. ಯಾರ್ಯಾರಿಗೆ ಬೇಕೋ ಬಂದು ತೋರಿಸ್ಲಿ."

ಅವನು ಮೊಳೆಯ ಸುತ್ತ ಮರಕ್ಕೆ ಸಣ್ಣ ಉಳಿ ತಾಗಿಸಿ, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಒಂದೊಂದನ್ನೇ ಎಳೆಯತೊಡಗಿದ. ಬೇಕರಿಯ ಅಜ್ಜನದು ಕಿರ್ ಅಂತ ಹೊರಗೆ ಬಂತು. "ಸ್ವಲ್ಪ ಜಾಸ್ತಿನೇ ಎಳಿಯಪ್ಪಾ, ಆಯಸ್ಸು ಬರಲಿ" ಎಂದ ಅಜ್ಜ. "ಇರೋದನ್ನೇ ಸಂಭಾಳಿಸಿ ಸಾಕಾಗಿದೆ" ಎಂದಳು ಹೆಂಡತಿ. ಆದರೂ ಬಾಗಿ, ಮೊಳೆಯ ತಲೆಯನ್ನು ಸೆರಗಿನಿಂದ ಒರೆಸಿದಳು.

ಕೊನೆಗೆ ಬಡಗಿ ಇಸ್ತ್ರಿಯಮ್ಮನ ಕಡೆ ತಿರುಗಿದ. "ಅಮ್ಮಾ, ನಿಮ್ಮದೂ ಎಳೀಲಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಮೊಳೆ ಹೊರಗಿತ್ತು, ಆದ್ದರಿಂದ ಅವಳು ಗಂಡನಿದ್ದವಳು. ಅವಳು ಗಂಡನಿದ್ದವಳು, ಆದ್ದರಿಂದ ಮೊಳೆ ಹೊರಗಿತ್ತು. ಗಾಣದ ಎತ್ತಿನ ಹಾಗೆ ಮಾತು ಅಲ್ಲಲ್ಲೇ ಸುತ್ತಿತ್ತು. ಈಗ ಎಳೆ ಅಂದರೆ ಅವನಿದ್ದಾನೆ ಅಂತ ತಾನೇ ಅಂದ ಹಾಗಾಯಿತು, ಬೇಡ ಅಂದರೆ ಅವನಿಲ್ಲ ಅಂತಲೂ ತಾನೇ ಅಂದ ಹಾಗಾಯಿತು.

"ಬಾ ಇಲ್ಲಿ" ಎಂದು ನಾದಿನಿಯನ್ನು ಪಕ್ಕಕ್ಕೆ ಕರೆದಳು. "ನಿಮ್ಮಣ್ಣ. ನೀನು ಹೇಳು."

ನಾದಿನಿ ಪಟ್ಟಿಯ ಕೆಳಗೆ ತುರಿಸಿಕೊಂಡಳು. "ಹೊಡೆದಾಗಿದೆ ಅತ್ತಿಗೆ. ಹಾಗೇ ಬಿಟ್ಟುಬಿಡಿ."

"ಏನಂದೆ?"

"ಬಿಟ್ಟುಬಿಡಿ ಅಂದೆ. ಹೊಡೀರಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಹೇಳಿದ್ರೆ, ತಂಗಿಯಾಗಿ ಅಣ್ಣನ್ನ ಮಣ್ಣಿಗೆ ಹಾಕಿದ ಹಾಗೆ. ನಿಮಗೂ ಕೈ ಬರಲಿಲ್ಲ. ಈಗ ಏನೂ ಅರಿಯದವನು ಯಾರೋ ಹೊಡೆದ. ದೇವರೇ ಮಾಡಿಸ್ದ ಅಂದ್ಕೊಂಡು ಸುಮ್ಮನಾಗೋಣ. ಆ ದರ್ಜಿ ಕೇಳಿದಾಗಲೇ ಹೇಳಬೇಕಿತ್ತು ನಾನು."

"ಆಗ ಹೇಳಿದ್ರೆ ನಿನ್ನನ್ನ ಮನೆಯಿಂದ ಆಚೆ ಹಾಕ್ತಿದ್ದೆ."

"ಗೊತ್ತು. ಅದಕ್ಕೇ ಹೇಳಲಿಲ್ಲ."

ಇಸ್ತ್ರಿಯಮ್ಮ ಬಾಗಿಲ ಹತ್ತಿರ ಬಂದು ಆ ಮಿಂಚುವ ತಲೆಯನ್ನು ನೋಡಿದಳು. ಬಡಗಿಯ ಏಟಿಗೆ ಅದರ ಮೇಲಿದ್ದ ಅಡ್ಡ ಗೀರು ಅಳಿಸಿಹೋಗಿತ್ತು. ಮದುವೆಯ ದಿನ ಇಬ್ಬರ ಕೈಯಲ್ಲಿ ಸುತ್ತಿಗೆ ಜಾರಿ ಆದ ಗೀರು ಅದು. ಗಂಡನ ಮುಖ ಅವಳಿಗೆ ಮರೆತು ಯಾವ ಕಾಲವಾಯಿತೋ. ಮೂಗು ಉದ್ದವಿತ್ತು ಅನ್ನುವುದೂ ನಾದಿನಿಯ ಮೂಗು ನೋಡಿ ಗೊತ್ತಿದ್ದದ್ದು. ಗೀರು ಮಾತ್ರ ಮರೆತಿರಲಿಲ್ಲ. ದಿನಾ ಬೆಳಿಗ್ಗೆ ತಾನು ಮುಟ್ಟುತ್ತಿದ್ದದ್ದು ಅವನನ್ನಲ್ಲ, ಅದನ್ನು. ದರ್ಜಿ ಸಾಧುವಾದರೂ ದಡ್ಡನಾಗಿರಲಿಲ್ಲ.

"ಎಳಿಯಪ್ಪಾ" ಎಂದಳು.

ನಾದಿನಿ ನಿಟ್ಟುಸಿರು ಬಿಟ್ಟಳು. ಬಡಗಿ ಎಳೆದ. ಮೊದಲು ಎಷ್ಟಿತ್ತೋ ಅಷ್ಟಕ್ಕೇ ನಿಲ್ಲಿಸಿದ. ಇಸ್ತ್ರಿಯಮ್ಮ ಕೈಯಾಡಿಸಿ ನೋಡಿ, ಸರಿಯಾಗಿದೆ ಅಂದಳು. ಆಮೇಲೆ ಒಳಗೆ ಹೋದಳು. ಹೊತ್ತಾಯಿತು ಬರಲಿಲ್ಲ. ಅಳುತ್ತಿದ್ದಾಳೋ ಏನೋ ಅಂತ ಮ್ಯಾನೇಜರಮ್ಮ ಹೋಗಿ ನೋಡಿದರೆ, ಅವಳು ಇಸ್ತ್ರಿ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದಳು. ಚರ್ಚಿನ ಹಳೆಯ ಸುತ್ತಿಗೆಯನ್ನು ಅವಳೇ ಎಷ್ಟೋ ವರ್ಷದಿಂದ ಕಿಟಕಿ ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದಳು. ಅದು ಮರಕ್ಕೆ ಕಚ್ಚಿಕೊಂಡು ಬರುತ್ತಿರಲಿಲ್ಲ. ಇಬ್ಬರೂ ಸೇರಿ ಅಲ್ಲಾಡಿಸಿ ತೆಗೆದರು. ಕಿಟಕಿ ದಪ್ಪೆಂದು ಮುಚ್ಚಿಕೊಂಡಿತು.

ಸುತ್ತಿಗೆ ಹಿಡಿದು ಬಂದವಳನ್ನು ಕಂಡು ಗುಂಪು ಜಾಗ ಬಿಟ್ಟಿತು.

"ಈಗಷ್ಟೇ ಎಳೆಸಿದ್ರಲ್ಲ ಅತ್ತಿಗೆ" ಎಂದಳು ನಾದಿನಿ.

"ಬೇರೆಯವರು ಹೊಡೆದದ್ದು ನನಗೆ ಲೆಕ್ಕಕ್ಕಿಲ್ಲ. ಅರ್ಧ ನಾನೂ ಹೊಡೆದದ್ದು, ಇನ್ನರ್ಧವೂ ನಾನೇ ಹೊಡೀಬೇಕು."

ಬೇಕರಿ ಅಜ್ಜನ ಹೆಂಡತಿ ಮೆಲ್ಲಗೆ ಕೇಳಿದಳು, "ಅಲ್ಲ ಅಕ್ಕಾ, ಹೋದದ್ದು ಗೊತ್ತಿಲ್ಲದೆ ಹೊಡೀಬಹುದಾ? ನಾಳೆ ಅವರು ಬಂದು ಬಾಗಿಲಲ್ಲಿ ನಿಂತ್ರೆ?"

"ಬಂದ್ರೆ ಬರಲಿ. ನೀರು ಕೊಡ್ತೀನಿ, ಊಟಕ್ಕೆ ಹಾಕ್ತೀನಿ. ಅವನು ಇದಾನೋ ಇಲ್ವೋ ನನಗೆ ಗೊತ್ತಿಲ್ಲ ತಾಯಿ. ನನ್ನ ಕಡೆಯಿಂದ ಮುಗಿದದ್ದು ಗೊತ್ತಿದೆ. ಅಷ್ಟು ಸಾಕು."

ಅವಳು ಎಡಗೈಯನ್ನು ಕದಕ್ಕೆ ಆನಿಸಿಕೊಂಡಳು. ಮೊದಲ ಏಟು ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಮುಂದಿನ ಏಟಿಗೆ ಮೊಳೆ ಸೊಂಟ ಮುರಿದುಕೊಂಡು ಪಕ್ಕಕ್ಕೆ ವಾಲಿತು. ಹಳೆಯ ಹಿತ್ತಾಳೆ, ಒಮ್ಮೆ ಹೊಡೆಸಿಕೊಂಡು, ಒಮ್ಮೆ ಎಳೆಸಿಕೊಂಡು ಅದಕ್ಕೂ ಸಾಕಾಗಿತ್ತು. ಅವಳು ಬಿಡದೆ ಇನ್ನೊಂದು ಕೊಟ್ಟಳು. ಮೊಳೆ ಒಳಗೂ ಹೋಗದೆ ಹೊರಗೂ ನಿಲ್ಲದೆ ಮರಕ್ಕೆ ಅಂಟಿ ಅಡ್ಡ ಮಲಗಿತು.

ನಾದಿನಿ ಮುಂದೆ ಬಂದು ಬೆರಳಾಡಿಸಿ ಅದರ ಸೊಟ್ಟವನ್ನು ನೋಡಿದಳು.

"ನಮ್ಮಣ್ಣನದಲ್ವಾ ಅತ್ತಿಗೆ" ಎಂದಳು. "ನೆಟ್ಟಗೆ ಎಲ್ಲಿ ಹೋಗುತ್ತೆ."

ಮೊದಲು ನಕ್ಕವಳು ಇಸ್ತ್ರಿಯಮ್ಮನೇ. ಆಮೇಲೆ ಉಳಿದವರಿಗೂ ನಗಬಹುದು ಅನ್ನಿಸಿತು. ನಗುವಿನ ನಡುವೆ ಅವಳು ಒಮ್ಮೆ ಕಣ್ಣು ಒರೆಸಿಕೊಂಡದ್ದನ್ನು ನಾದಿನಿ ಒಂದೇ ಕಣ್ಣಿನಲ್ಲಿ ನೋಡಿ, ನೋಡದವಳಂತೆ ಸುತ್ತಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅದನ್ನ ತೆಗೆದು ಹೊಸದೊಂದು ಹಾಕಿಕೊಡ್ಲಾ ಅಮ್ಮಾ? ನೆಟ್ಟಗೆ ಹೋಗುತ್ತೆ" ಎಂದ ಬಡಗಿ.

"ಬೇಡಪ್ಪ. ಇದು ಮುಸುಕಿಗೆ ಸಿಗೋದಿಲ್ಲ ತಾನೆ?"

ಬಡಗಿ ತನ್ನ ಅಂಗಿಯ ತೋಳನ್ನು ಅದರ ಮೇಲೆ ಎಳೆದು ನೋಡಿದ. ಸಿಗಲಿಲ್ಲ.

"ಹಾಗಿದ್ರೆ ಮುಗೀತು" ಎಂದಳು ಇಸ್ತ್ರಿಯಮ್ಮ.

ಉಳಿದ ಮೊಳೆಗಳಿಗೆ ಮುಸುಕು ಸಿಗದಿರಲಿ ಅಂತ ಮ್ಯಾನೇಜರಮ್ಮ ಎಡಗದದ ಮುಂದೆ ಎತ್ತರದ ಹೂವಿನ ಸ್ಟ್ಯಾಂಡೊಂದನ್ನು ಇಡಿಸಿದಳು. ಮದುಮಗಳು ಬಲಗಡೆಯಿಂದ ಸುತ್ತಿ ಬರಬೇಕು. ಆಮೇಲೆ ಇಸ್ತ್ರಿ ಕೋಣೆಗೆ ಬಂದು, "ಈ ಮೊಳೆ ಪದ್ಧತಿ ನಮ್ಮ ಮದುವೆಗಳಿಗೂ ಇಟ್ಕೊಂಡ್ರೆ ಹೇಗೆ?" ಎಂದು ಕೇಳಿದಳು.

"ಇಟ್ಕೊಳ್ಳಿ" ಎಂದಳು ನಾದಿನಿ ಬಟ್ಟೆ ಮಡಿಸುತ್ತ. "ಆದರೆ ಅರ್ಧ ಹೊಡೆಸಿ ಕಳಿಸೋದು ಸುಲಭ ಮೇಡಂ. ಉಳಿದರ್ಧಕ್ಕೆ ಅವರು ಬರೋವಾಗ ಬಾಗಿಲು ತೆಗೆದಿರಬೇಕು. ನಿಮ್ಮ ಕಂಪನಿ ಅಲ್ಲೀವರೆಗೆ ಇರುತ್ತಾ?"

ಮ್ಯಾನೇಜರಮ್ಮ ಯೋಚಿಸಿ ಹೇಳುತ್ತೇನೆ ಅಂದು ಹೋದಳು.

ಮರುದಿನ ದೊಡ್ಡ ಮದುವೆಯೊಂದರ ಕೆಲಸವಿತ್ತು. ಇಸ್ತ್ರಿಯಮ್ಮ ಒಗೆದ ಕುರ್ಚಿ ಗವಸುಗಳ ಗಂಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಸವರಲು ಕೈಗೆ ಬಿಡುವಿರಲಿಲ್ಲ. ಬಲಗದವನ್ನು ಸೊಂಟದಿಂದ ತಳ್ಳಿ ಒಳಗೆ ಹೋಗಿ, ಸುತ್ತಿಗೆಯ ಬದಲು ಕಿಟಕಿಗೆ ಅಡ್ಡ ಇಡಲು ಇನ್ನೇನಾದರೂ ಸಿಗುತ್ತದಾ ಅಂತ ಹುಡುಕತೊಡಗಿದಳು.